ಕೊಟ್ರಮ್ಮನ ಮಣ್ಣು

ಊರಿನ ಹೆಸರು ಬೇಡ. ಹೇಳಿದರೆ ನಾಳೆ ನಾಲ್ಕು ಜನ ಬಂದು ನಮ್ಮೂರ ಮರ್ಯಾದೆ ಕಳೆದಿರಿ ಎಂದು ಜಗಳಕ್ಕೆ ನಿಲ್ಲುತ್ತಾರೆ, ತಾವೇ ಕಳೆದುಕೊಂಡದ್ದನ್ನು ಮರೆತು. ಮರಿಯಮ್ಮನಹಳ್ಳಿಯಿಂದ ಸಂಡೂರಿನ ಗುಡ್ಡಗಳ ಕಡೆ ಹೊರಳಿದರೆ ಸಿಗುವ ಹಳ್ಳಿಗಳಲ್ಲಿ ಅದೂ ಒಂದು ಅಂದುಕೊಂಡರೆ ಸಾಕು. ಊರ ದಿಬ್ಬ ಹತ್ತಿ ನಿಂತರೆ ಡ್ಯಾಮಿನ ಹಿನ್ನೀರು ದೂರದಲ್ಲಿ ಹೊಳೆಯುವುದು ಕಾಣುತ್ತದೆ. ಆ ನೀರು ಕಂಪ್ಲಿಯ ಗದ್ದೆಗೆ ಹೋಗುತ್ತದೆ, ಪೈಪಿನಲ್ಲಿ ಕಾರ್ಖಾನೆಗಳಿಗೆ ಹೋಗುತ್ತದೆ, ಗಡಿ ದಾಟಿ ಆಂಧ್ರಕ್ಕೂ ಹೋಗುತ್ತದೆ. ಈ ಊರಿನ ಕೆಂಪು ಮಸಾರಿ ಹೊಲಗಳು ಎತ್ತರದಲ್ಲಿರುವುದರಿಂದ ಇಲ್ಲಿಯವರು ಮುಗಿಲು ನೋಡಿಕೊಂಡೇ ಬಿತ್ತಬೇಕು.

ಹಾಗಂತ ಊರು ಬೆಳೆದಿಲ್ಲ ಎನ್ನುವಂತಿಲ್ಲ. ಹೈವೇ ಅಗಲವಾಯಿತು, ಢಾಬಾ ಬಂತು, ಎಟಿಎಂ ಬಂತು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಹುಡುಗರನ್ನು ಹೊತ್ತೊಯ್ಯುವ ಬಸ್ಸು ಬಂತು. ಅದಿರಿನ ಲಾರಿಗಳು ಓಡಾಡಿ ಓಡಾಡಿ ಬೇವಿನ ಎಲೆ ಕೂಡ ಕೆಂಪಾಯಿತು. ಹಿಂದೆ ಮಳೆ ಬಂದರೆ ಗುಡ್ಡದ ನೀರೆಲ್ಲ ಊರ ಕೆರೆಗೆ ಇಳಿಯುತ್ತಿತ್ತು. ಈಗ ಗುಡ್ಡವೇ ಅರ್ಧ ಇಲ್ಲ, ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ.

ಊರ ನಡುವಿನ ಬೇವಿನ ಕಟ್ಟೆಯ ಎದುರಿಗೆ ಅಂದಾನಪ್ಪನ ಹಿಟ್ಟಿನ ಗಿರಣಿ, ಗಿರಣಿಯ ಪಕ್ಕಕ್ಕೇ ಮನೆ. ಜೋಳ ತಂದವರು ಹಿಟ್ಟಾಗುವ ತನಕ ಕಾಯಲೇಬೇಕು, ಕಾಯುವವರಿಗೆ ಅಂದಾನಪ್ಪನ ಮಾತು ಕೇಳದೆ ಗತಿಯಿಲ್ಲ. ಮಳೆಗೆ ಬರ ಬಂದಿರಬಹುದು, ಆ ಕಟ್ಟೆಯ ಮೇಲೆ ಅಭಿಪ್ರಾಯಕ್ಕೆ ಎಂದೂ ಬರ ಬಂದದ್ದಿಲ್ಲ. ದಿಲ್ಲಿಯಲ್ಲಿ ಯಾರು ಬೀಳುತ್ತಾರೆ, ಬೆಂಗಳೂರಿನಲ್ಲಿ ಯಾರು ಏಳುತ್ತಾರೆ, ಗಣಿ ಧಣಿಗಳು ಈ ಸಲ ಯಾವ ಕಡೆ ವಾಲುತ್ತಾರೆ, ಎಲ್ಲಕ್ಕೂ ಅವನಲ್ಲಿ ಉತ್ತರ ಸಿದ್ಧವಿರುತ್ತಿತ್ತು. "ಪಾರ್ಟಿ ಯಾವ್ದರ ಬರ್ಲಿ, ಲಾರಿ ಅವ, ಲಾರಿ ಮಾಲಕ್ರೂ ಅವ್ರ. ಮುಂದಿನ ಗ್ಲಾಸಿನ ಮ್ಯಾಲಿನ ಫೋಟೊ ಅಷ್ಟ ಬದಲಿ," ಎಂದು ಅವನು ಹೇಳಿದರೆ ಕಟ್ಟೆಯೆಲ್ಲ ನಗುತ್ತಿತ್ತು. ಅವನ ವಾರಿಗೆಯ ಗೆಳೆಯ ಪಕ್ಕೀರಪ್ಪ ಎಲ್ಲರಿಗಿಂತ ಮೊದಲು ನಗುತ್ತಿದ್ದ, ಅರ್ಥವಾಗುವ ಮೊದಲೇ.

ಇತಿಹಾಸವೆಂದರೆ ಅಂದಾನಪ್ಪನಿಗೆ ಇನ್ನೂ ಪ್ರಾಣ. ಹಂಪಿಗೆ ಹೋದಾಗಲೆಲ್ಲ ಗೈಡುಗಳ ಜೊತೆ ವಾದಕ್ಕಿಳಿಯುತ್ತಿದ್ದ. "ಬುಕ್ಕಸಾಗರ, ಕಂಪ್ಲಿ ಕಡೆ ಹೋಗಿ ನೋಡ್ರಿ. ಅರಸರ ಕಾಲದಾಗ ಕಟ್ಟಿದ ಕಾಲುವಿ ಇವತ್ತಿಗೂ ಗದ್ದಿಗೆ ನೀರು ಉಣಸ್ತಾವು. ನಮ್ಮ ಪಂಚಾಯ್ತಿಯವ್ರು ಕಟ್ಟಿದ ಚರಂಡಿ ಒಂದು ಮಳಿಗೆ ಬಾಯಿ ಬಿಡ್ತೈತಿ." ಈ ಮಾತು ಸುಳ್ಳಲ್ಲ. ಆದರೆ ಮಾತಿನ ರುಚಿ ಹತ್ತಿದವನು ನಿಜದ ಗಡಿಯಲ್ಲಿ ನಿಲ್ಲುವುದು ಕಷ್ಟ. ಕಾಲುವೆಯಿಂದ ಶುರುವಾದದ್ದು ಕತ್ತೆ ಮದುವೆಗೆ ಬಂದು ಮುಟ್ಟುತ್ತಿತ್ತು. ಮಳೆಗಾಗಿ ಸಗಣಿಯ ಗುರ್ಜಿ ಮಾಡಿ ತಲೆಯ ಮೇಲೆ ಹೊರುವುದು, ಕತ್ತೆಗಳಿಗೆ ಮದುವೆ ಮಾಡುವುದು, ಎಲ್ಲದರಲ್ಲೂ ವಿಜ್ಞಾನವಿದೆ ಎಂದು ಅವನು ಸಾಧಿಸುತ್ತಿದ್ದ. ಪಕ್ಕೀರಪ್ಪನ ಮಗ ಮಲ್ಲೇಶ್ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ತನ್ನ ಯೂಟ್ಯೂಬ್ ಚಾನೆಲ್ಲಿಗೆ ಹಾಕುತ್ತಿದ್ದ. ಮಲ್ಲೇಶನಿಗೆ ಒಂದು ಜೆಸಿಬಿ ಇತ್ತು, ಪಂಚಾಯ್ತಿ ಮೆಂಬರ್‌ಗಿರಿ ಇತ್ತು, ಮುಂದೆ ತಾಲೂಕು ಪಂಚಾಯ್ತಿಗೆ ನಿಲ್ಲುವ ಆಸೆಯೂ ಇತ್ತು. ವಿಡಿಯೊಗೆ ಎಷ್ಟು ಜನ ಲೈಕ್ ಒತ್ತಿದರು ಎಂದು ಅಂದಾನಪ್ಪ ದಿನಾ ಬೆಳಿಗ್ಗೆ ಅವನನ್ನು ಕೇಳುತ್ತಿದ್ದ.

ಈ ಮಾತಿನ ಮಲ್ಲನಿಗೆ ಲಗಾಮು ಹಾಕುತ್ತಿದ್ದವಳು ಒಬ್ಬಳೇ, ಹೆಂಡತಿ ಕೊಟ್ರಮ್ಮ. "ನಿಮ್ಮ ಬಾಯಿ ಗಿರಣಿಗಿಂತ ಜೋರು. ಗಿರಣ್ಯಾಗ ಹಿಟ್ಟರ ಬರ್ತೈತಿ," ಎಂದು ಎಲ್ಲರೆದುರಿಗೇ ಅನ್ನುತ್ತಿದ್ದಳು. ಮಗಳು ಗಂಗಾಂಬಿಕಾ ಹುಟ್ಟಿದ ಮೇಲೆ ಕೊಟ್ರಮ್ಮನ ಬೆರಳ ತುದಿ ಬೆಳ್ಳಗಾಗತೊಡಗಿತು. ಅಲ್ಲಿಂದ ಮುಂಗೈಗೆ, ತುಟಿಗೆ, ಕಣ್ಣಿನ ಸುತ್ತ ಹರಡಿತು. ಹೊಸಪೇಟೆಯ ಡಾಕ್ಟರು ನೋಡಿ, ಇದು ಅಂಟುವುದಿಲ್ಲ, ನೋವಿಲ್ಲ, ಚರ್ಮದ ಬಣ್ಣ ಹೋಗುತ್ತದೆ ಅಷ್ಟೇ ಎಂದು ಹೇಳಿ ಕಳಿಸಿದರು. ಊರವರಿಗೆ ಡಾಕ್ಟರ ಮಾತಿಗಿಂತ ತೊನ್ನು ಎಂಬ ಪದ ದೊಡ್ಡದು. ಮದುವೆಗಳಲ್ಲಿ ಆರತಿ ತಟ್ಟೆ ಅವಳ ಕೈಗೆ ಬರುವುದು ನಿಂತಿತು. ಅವಳು ಅದಕ್ಕೂ ನಕ್ಕು, ಆರತಿ ಹಿಡಿಯುವ ಕೆಲಸ ಉಳಿಯಿತು ಎಂದು ಜೋಳದ ರೊಟ್ಟಿ ತಟ್ಟುತ್ತ ಕೂರುತ್ತಿದ್ದಳು. ಅಂದಾನಪ್ಪನಿಗೆ ಅವಳೆಂದರೆ ಜೀವ, ಅದರಲ್ಲಿ ಎರಡು ಮಾತಿಲ್ಲ. ಅವಳ ತಟ್ಟೆಯಲ್ಲೇ ಉಂಡ, ಅವಳ ಲೋಟದಲ್ಲೇ ನೀರು ಕುಡಿದ.

ಎರಡು ವರ್ಷದ ಹಿಂದೆ ಕೊಟ್ರಮ್ಮ ಎದೆನೋವು ಅಂದವಳು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಲಿಂಗವಂತರ ಪದ್ಧತಿಯಂತೆ ಹೊಲದಲ್ಲೇ ಗುಣಿ ತೆಗೆಸಿ, ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರೆ ಹಾಕಿ ಮಣ್ಣು ಮಾಡಿದರು. ಮುತ್ತೈದೆ ಸಾವು ಎಂದು ಹಸಿರು ಬಳೆ ತೊಡಿಸಿದ್ದರು. ಊರಿಗೆ ಊರೇ ಬಂದು ಮೂರು ಹಿಡಿ ಮಣ್ಣು ಹಾಕಿ, ಮನೆಗೆ ಹೋಗಿ ಸ್ನಾನ ಮಾಡಿ, ಐದನೆಯ ದಿನ ಬಂದು ಗೋಧಿ ಹುಗ್ಗಿ ಉಂಡಿತು. ಆ ವರ್ಷ, ಮರುವರ್ಷ ಮಳೆ ಚೆನ್ನಾಗಿ ಆಯಿತು, ಹಾಗಾಗಿ ಯಾರಿಗೂ ಏನೂ ನೆನಪಾಗಲಿಲ್ಲ.

ಈ ವರ್ಷ ರೋಹಿಣಿ ಮಳೆ ಬಂದಂತೆ ಮಾಡಿ ಹೋಯಿತು. ಮಿರಗ ಒಣಗಿತು, ಆರಿದ್ರ ಆರಿಹೋಯಿತು. ಬಿತ್ತಿದ ಮೆಕ್ಕೆಜೋಳ ಗೇಣುದ್ದ ಎದ್ದು ಸುರುಳಿ ಸುತ್ತಿಕೊಂಡಿತು. ಗುರ್ಜಿ ಹೊತ್ತರು; ಗುರ್ಜಿಯ ಮೇಲೆ ಸುರಿಯುವ ನೀರನ್ನೂ ಟ್ಯಾಂಕರಿನಿಂದ ಹಿಡಿಯಬೇಕಾಯಿತು. ಕತ್ತೆ ಮದುವೆಗೆ ಅಂದಾನಪ್ಪನೇ ಮುಂದೆ ನಿಂತ, ಮಲ್ಲೇಶ್ ವಿಡಿಯೊ ಮಾಡಿದ. ಮುಗಿಲು ಹಾಗೆಯೇ ಹೊಳೆಯುತ್ತಿತ್ತು. ಆಮೇಲೆ ಟ್ಯಾಂಕರಿನ ಸಾಲಿನಲ್ಲಿ ಹೆಂಗಸರ ಬಾಯಲ್ಲಿ ಒಂದು ಮಾತು ಹುಟ್ಟಿತು. ತೊನ್ನಿದ್ದವರನ್ನು ಸುಡಬೇಕು, ಹೂಳಬಾರದು. ಹೂಳಿದರೆ ಮಣ್ಣು ಮುನಿದು ಮಳೆ ತಡೆಯುತ್ತದೆ. ಆ ಸೀಮೆಯಲ್ಲಿ ಇದು ಹಳೆಯ ನಂಬಿಕೆ, ಹಿಂದೆ ಬೇರೆ ಊರುಗಳಲ್ಲಿ ಹೆಣ ತೆಗೆಸಿ ಸುಟ್ಟದ್ದನ್ನು ಕಂಡವರೂ ಇದ್ದರು. ಮಾತು ಸಾಲಿನಿಂದ ಮನೆಗೆ, ಮನೆಯಿಂದ ಕಟ್ಟೆಗೆ ಬಂತು. ಅಂದಾನಪ್ಪನ ಕಿವಿಗೆ ಮಾತ್ರ ಕೊನೆಗೆ ಬಿತ್ತು.

ಹೇಳಲು ಬಂದವರು ಪಕ್ಕೀರಪ್ಪ ಮತ್ತು ಮಲ್ಲೇಶ್. ಪಕ್ಕೀರಪ್ಪ ನೆಲ ನೋಡುತ್ತ ಕೂತ. ಮಾತು ಮಲ್ಲೇಶನೇ ತೆಗೆದ.

"ಮಾವ, ತಪ್ಪು ತಿಳಕೋಬ್ಯಾಡ್ರಿ. ಅತ್ತಿ ಅಂದ್ರ ನಮಗೂ ಪ್ರೀತಿ. ಆದ್ರ ಊರು ಕೇಳಾಕತ್ತೈತಿ. ಮನಿಯವ್ರೇ ಮೊದಲ ಗುದ್ದಲಿ ಹಾಕಬೇಕು, ಇಲ್ಲಾಂದ್ರ ಫಲ ಇಲ್ಲ ಅಂತಾರ. ನೀವು ಹೂಂ ಅಂದ್ರ ಮುಂದಿಂದು ನಾವು ನೋಡಿಕೊಂತೀವಿ."

ಅಂದಾನಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಮೈಯೆಲ್ಲ ಉರಿಯಿತು. "ಮಳಿಗೂ ಆಕಿಗೂ ಏನ್ಲೇ ಸಂಬಂಧ? ಗುಡ್ಡ ಕಡದು ಲಾರಿಗೆ ತುಂಬಿದ್ರಿ, ಕೆರಿ ಹೂಳು ತಗೀಲಿಲ್ಲ, ಈಗ ಸತ್ತಾಕಿ ಮ್ಯಾಲ ಹಾಕ್ತೀರಿ?"

ಮಲ್ಲೇಶ್ ಮೊಬೈಲು ತೆಗೆದು ಒಂದು ವಿಡಿಯೊ ಒತ್ತಿ ಮುಂದೆ ಹಿಡಿದ. ಅದರಲ್ಲಿ ಅಂದಾನಪ್ಪ ಬೇವಿನ ಕೆಳಗೆ ಕೂತು ಬೆರಳೆತ್ತಿ ಹೇಳುತ್ತಿದ್ದ: "ಹಿರಿಯರು ಮಾಡಿದ್ದು ಒಂದೂ ಸುಳ್ಳಲ್ಲ. ಕಾರಣ ನಮಗ ತಿಳೀಲಿಲ್ಲಂದ್ರ ತಪ್ಪು ನಮ್ಮದು, ಅವ್ರದಲ್ಲ. ರೂಢಿ ಬಿಟ್ಟ ಊರು ಉಳಿಯೂದಿಲ್ಲ."

"ಇದನ್ನ ಊರೆಲ್ಲ ನೋಡೈತಿ ಮಾವ," ಅಂದ ಮಲ್ಲೇಶ್, ಮರ್ಯಾದೆಯಿಂದಲೇ. "ನಿಮ್ಮ ಮಾತು ನಂಬ್ಯಾರ."

ಅಂದಾನಪ್ಪ ಅವರನ್ನು ಮನೆಯಿಂದ ಹೊರಗೆ ಹಾಕಿದ. ಕಂಪ್ಲಿಯಲ್ಲಿದ್ದ ಮಗಳಿಗೆ ಫೋನು ಹಚ್ಚಿದ. ಗಂಗಾಂಬಿಕಾ ಮರುದಿನ ಮೊದಲ ಬಸ್ಸಿಗೇ ಬಂದಳು. ಅಳಲಿಲ್ಲ. ನೆಟ್ಟಗೆ, "ಸ್ಟೇಷನ್ನಿಗೆ ಹೋಗೂಣು ನಡಿ ಅಪ್ಪ. ಇದಕ್ಕ ಕಾನೂನೈತಿ," ಅಂದಳು.

"ಯಾರ ಹೆಸರು ಕೊಡ್ಲಿ? ಪಕ್ಕೀರನ ಹೆಸರು ಕೊಡ್ಲೇನು?"

"ಯಾರು ಬಂದಿದ್ರೋ ಅವ್ರದು ಕೊಡು."

"ಊರ ಮಾತು ಊರಾಗಿರ್ಲಿ ತಂಗಿ. ನಾ ಮಾತಾಡಿ ಸರಿ ಮಾಡ್ತೀನಿ. ನನ್ನ ಮಾತು ಕೇಳ್ತಾರ."

"ಅವ್ವನ್ನ ಮುಟ್ಟಿಸಬ್ಯಾಡ ಅಪ್ಪ. ಏನರ ಆಗ್ಲಿ, ಅದೊಂದು ಮಾಡಬ್ಯಾಡ," ಎಂದು ಅವಳು ಅವನ ಕೈ ಹಿಡಿದು ಕೇಳಿದಳು. ಇನ್ನೂ ಏನೋ ಹೇಳುವವಳಂತೆ ತಡೆದು ನಿಂತು, ಹೇಳದೆ ಸಂಜೆಯ ಬಸ್ಸು ಹತ್ತಿದಳು. ಅವನು ಮಾತು ಕೊಟ್ಟಿದ್ದ. ಆ ಗಳಿಗೆಯಲ್ಲಿ ಕೊಟ್ಟ ಮಾತು ಖರೆಯೇ ಆಗಿತ್ತು.

ಮರುದಿನ ಕಟ್ಟೆಯ ಮೇಲೆ ಕೂತು ಅವನು ತನ್ನ ಬದುಕಿನಲ್ಲೇ ಒಳ್ಳೆಯದೆನ್ನಬಹುದಾದ ಭಾಷಣ ಮಾಡಿದ. ಗುಡ್ಡ ಹೋದ ಮೇಲೆ ಕೆರೆ ಹೇಗೆ ಸತ್ತಿತು, ಡ್ಯಾಮಿನ ನೀರಲ್ಲಿ ನಮ್ಮ ಪಾಲು ಯಾಕಿಲ್ಲ, ಓಟು ಕೇಳಲು ಬಂದವರು ಏತ ನೀರಾವರಿ ಮಾಡಿಸುತ್ತೇವೆಂದು ಎಷ್ಟು ಸಲ ಕಲ್ಲು ನೆಟ್ಟು ಹೋದರು, ಒಂದೊಂದಾಗಿ ಬಿಡಿಸಿ ಹೇಳಿದ. ಒಂದು ಮಾತೂ ತಪ್ಪಿರಲಿಲ್ಲ. ಕೇಳುತ್ತಿದ್ದವರಲ್ಲಿ ಒಬ್ಬನ ಮಗ ಗಣಿಯಲ್ಲಿ ಸೂಪರ್‌ವೈಸರ್, ಇನ್ನೊಬ್ಬನದು ಎರಡು ಲಾರಿ, ಮತ್ತೊಬ್ಬನ ಹೊಲ ಕಂಪನಿಗೆ ಲೀಸಿಗಿದೆ. ಗುಡ್ಡದ ವಿಷಯಕ್ಕೆ ಯಾರೂ ಕೈ ಹಚ್ಚುವಂತಿಲ್ಲ, ಕಂಪನಿಗೆ ಕೈ ಹಚ್ಚುವಂತಿಲ್ಲ, ಎಮ್ಮೆಲ್ಲೆಗಂತೂ ದೂರದಿಂದಲೇ ಕೈ ಮುಗಿಯಬೇಕು. ಕೈಗೆ ಸಿಕ್ಕವಳು ಕೊಟ್ರಮ್ಮ, ಅವಳು ತಿರುಗಿ ಮಾತಾಡುವುದೂ ಇಲ್ಲ. ಅಂದಾನಪ್ಪ ಮುಗಿಸಿದ ಮೇಲೆ ಒಬ್ಬೊಬ್ಬರೇ ಪಂಚೆ ಕೊಡವಿಕೊಂಡು ಎದ್ದು ಹೋದರು.

ಮುಂದೆ ಯಾರೂ ಬರಲಿಲ್ಲ. ಬೈಯಲಿಲ್ಲ, ಕಲ್ಲೆಸೆಯಲಿಲ್ಲ, ಬಹಿಷ್ಕಾರ ಎಂದು ಡಂಗುರ ಸಾರಲಿಲ್ಲ. ಜೋಳದ ಚೀಲಗಳು ಬೈಕಿನ ಮೇಲೆ ಮರಿಯಮ್ಮನಹಳ್ಳಿಯ ಗಿರಣಿಗೆ ಹೋದವು. ಕಟ್ಟೆಯ ಹರಟೆ ಪಕ್ಕೀರಪ್ಪನ ಪಡಸಾಲೆಗೆ ಹೋಯಿತು. ದುಡಿಮೆ ಹೋದದ್ದಕ್ಕೆ ಅಂದಾನಪ್ಪ ಅಂಜುವವನಲ್ಲ, ಉಣ್ಣಲಿಕ್ಕೆ ಅವನಿಗೆ ಕೊರತೆಯಿರಲಿಲ್ಲ. ಅವನನ್ನು ತಿಂದದ್ದು ಆ ಮೌನ. ಪೇಪರಿನಲ್ಲಿ ಸರ್ಕಾರ ಅಲ್ಲಾಡುತ್ತಿದೆ ಎಂದು ಬಂದ ದಿನ ಅವನು ಕಟ್ಟೆಗೆ ಹೋಗಿ ಕೂತ. ಅಭಿಪ್ರಾಯ ನಾಲಿಗೆಯ ತುದಿಗೆ ಬಂದಿತ್ತು, ಕೇಳಲು ಒಂದು ನರಪಿಳ್ಳೆಯಿಲ್ಲ. ಗಿರಣಿಯ ಬಾಗಿಲಲ್ಲಿ ಮಲಗಿದ್ದ ನಾಯಿಗೆ ಅರ್ಧ ಹೇಳಿ ತನಗೇ ನಾಚಿಕೆಯಾಗಿ ಎದ್ದ.

ಹೊಟ್ಟೆ ಹಸಿದವನು ಸೋತರೆ ಕನಿಕರ ಪಡಬಹುದು. ಪೆಟ್ಟು ತಿಂದವನು ಸೋತರೂ ಒಪ್ಪಬಹುದು. ಅಂದಾನಪ್ಪ ಸೋತದ್ದು ಚಪ್ಪಾಳೆಯ ಹಸಿವಿಗೆ. ಸೋಲಲಿಕ್ಕೂ ಅವನಿಗೆ ಒಂದು ಸಿದ್ಧಾಂತ ಬೇಕಿತ್ತು, ಅದನ್ನೂ ಕಟ್ಟಿಕೊಂಡ. ಜೀವ ಹೋದ ಮೇಲೆ ಉಳಿಯುವುದು ಮಣ್ಣು. ಮಣ್ಣಿಗೆ ಏನು ಮಾನ, ಏನು ಅವಮಾನ? ಶರಣರು ದೇಹವನ್ನು ಹಿಡಿದುಕೊಂಡು ಕೂತಿದ್ದರೇ? ಊರಿನ ಸಮಾಧಾನ ದೊಡ್ಡದು. ಕೊಟ್ರಮ್ಮ ಇದ್ದಿದ್ದರೆ ತಾನೇ ಹೋಗಲಿ ಬಿಡ್ರಿ ಅನ್ನುತ್ತಿದ್ದಳು. ಹೀಗೆ ಸತ್ತವಳ ಬಾಯಲ್ಲೂ ತನ್ನ ಅಭಿಪ್ರಾಯ ತುರುಕಿ, ಪಕ್ಕೀರಪ್ಪನ ಮನೆಗೆ ತಾನೇ ನಡೆದು ಹೋದ. ಪಡಸಾಲೆಯಲ್ಲಿದ್ದವರೆಲ್ಲ ಎದ್ದು ನಿಂತರು. "ಬಾರಲೇ ಅಂದಾನಿ, ಕುಂದ್ರು," ಎಂದು ಪಕ್ಕೀರಪ್ಪ ಕಣ್ಣಲ್ಲಿ ನೀರು ತಂದುಕೊಂಡ. ಎಷ್ಟೋ ದಿನದ ಮೇಲೆ ಅಂದಾನಪ್ಪ ಚಹಾ ಕುಡಿದ.

ಅಮಾವಾಸ್ಯೆಯ ದಿನ ನಡು ಮಧ್ಯಾಹ್ನ ಕೆಲಸ ನಡೆಯಿತು. ಕದ್ದು ಮಾಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಮೊದಲ ಗುದ್ದಲಿ ಅಂದಾನಪ್ಪ ಹಾಕಿದ. ಮಣ್ಣು ಬಿರುಸಾಗಿತ್ತು, ಗುದ್ದಲಿ ಚೂರು ಮಣ್ಣೆತ್ತಿ ಜಾರಿತು. ಸಾಕು ಬಿಡ್ರಿ ಮಾವ ಎಂದು ಮಲ್ಲೇಶ್ ಜೆಸಿಬಿ ಹತ್ತಿದ. ಯಂತ್ರದ ಬಾಯಿ ಎರಡು ಸಲ ಇಳಿದು ಎದ್ದಿತು, ಮೂರನೆಯ ಸಲ ಸೀರೆಯ ಚೂರು ಕಂಡಿತು. ಉಳಿದದ್ದನ್ನು ಕೈಯಿಂದ ತೆಗೆದರು. ನೋಡಲು ಬಂದವರು ಮೂಗಿಗೆ ಟವೆಲ್ ಒತ್ತಿಕೊಂಡರು, ಅಲ್ಲಿ ವಾಸನೆ ಏನೂ ಇರಲಿಲ್ಲ. ಎಲುಬುಗಳಿದ್ದವು, ಕೂದಲಿತ್ತು, ಒಡೆಯದ ಹಸಿರು ಬಳೆಗಳಿದ್ದವು. ಎಲ್ಲರ ಎಲುಬಿಗೂ ಇರುವ ಬಣ್ಣವೇ ಅವಳ ಎಲುಬಿಗೂ ಇತ್ತು. ಕಟ್ಟಿಗೆ, ಹಳೆಯ ಟಯರು, ಡೀಸೆಲ್ಲು ಹಾಕಿ ಬೆಂಕಿ ಹಚ್ಚಿದರು. ಅಂದಾನಪ್ಪ ಬಳೆ ತೆಗೆದಿಟ್ಟುಕೊಳ್ಳಲು ಬಗ್ಗಿದ. ಯಾರೋ ಬ್ಯಾಡ್ರಿ, ಅವೂ ಹೋಗ್ಬೇಕು ಅಂದರು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ನಾಲ್ಕು ದಿನಕ್ಕೆ ಮಳೆ ಬಂತು.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮಳೆಯಾಗುತ್ತದೆ ಎಂದು ಟಿವಿಯವರು ವಾರದಿಂದ ಹೇಳುತ್ತಿದ್ದರು. ಯಾರಿಗೆ ಬೇಕು ಟಿವಿ? ಕೊಟ್ರಮ್ಮನನ್ನು ಎಂದೂ ಕಾಣದ ಊರುಗಳಲ್ಲೂ ಅದೇ ಮಳೆ ಸುರಿಯಿತು, ಅದನ್ನು ಯಾರೂ ಕೇಳಲಿಲ್ಲ. ಹುಡುಗರು ಕುಣಿದರು. ಹೆಂಗಸರು ಅಂದಾನಪ್ಪನ ಬಾಗಿಲಿಗೆ ಬಂದು ಕೈ ಮುಗಿದು ಹೋದರು. ಜೋಳದ ಚೀಲಗಳು ತಿರುಗಿ ಬಂದವು. ಮಲ್ಲೇಶ್ ಒಂದು ಶಾಲು, ಒಂದು ಹಾರ ತರಿಸಿ, ಮಳೆಗೆ ತಾಡಪಾಲು ಕಟ್ಟಿಸಿ ಕಟ್ಟೆಯ ಮೇಲೆ ಸನ್ಮಾನ ಇಟ್ಟುಕೊಂಡ. ಊರಿಗಾಗಿ ಹೆಂಡತಿಯನ್ನೇ ಕೊಟ್ಟ ಹಿರಿಯ ಎಂದು ಮೈಕಿನಲ್ಲಿ ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದ.

ಆ ಸನ್ಮಾನದ ಹೊತ್ತಿಗೇ ಗಂಗಾಂಬಿಕಾ ಬಂದಳು. ಹೊಲದಲ್ಲಿ ನಡೆದ ಸುದ್ದಿ ಅವಳಿಗೆ ಮಲ್ಲೇಶನ ಚಾನೆಲ್ಲಿನ ವಿಡಿಯೊದಲ್ಲೇ ತಲುಪಿತ್ತು. ಮಳೆಯಲ್ಲಿ ತೊಯ್ದಿದ್ದಳು. ಚಪ್ಪಲಿ ಬಿಟ್ಟು ಮನೆಯೊಳಗೆ ಬಂದು ಗೋಡೆಯ ಮೇಲಿದ್ದ ಅವ್ವನ ಫೋಟೊ ಇಳಿಸಿಕೊಂಡಳು.

"ಇದನ್ನ ಒಯ್ಯಾಕ ಬಂದೀನಿ," ಅಂದಳು.

ಅಂದಾನಪ್ಪ ಒಗೆದ ಅಂಗಿ ತೊಟ್ಟು ತಲೆ ಬಾಚಿಕೊಂಡು ನಿಂತಿದ್ದ. ಮಗಳ ಮುಖ ನೋಡಲು ಧೈರ್ಯ ಸಾಲದೆ ಕಿಟಕಿಯ ಕಡೆ ನೋಡುತ್ತ, "ಕುಂದ್ರವ್ವ. ಸಿಟ್ಟಾಗಬ್ಯಾಡ. ನನಗೂ ನಂಬಿಕಿ ಇರಲಿಲ್ಲ," ಅಂದ. ಆಮೇಲೆ ದನಿ ತಗ್ಗಿಸಿ, ಮಳೆ ಬಂದ ಮೇಲೆ ತನ್ನೊಳಗೆ ಬೆಳೆದದ್ದನ್ನೂ ಹೇಳಿಬಿಟ್ಟ. "ಆದ್ರ ಮಳಿ ಬಂತಲ್ಲ ತಂಗಿ. ಹಿರಿಯರು ಸುಮ್ಮನ ಅಂದಿರಂಗಿಲ್ಲ. ಏನೋ ಐತಿ ಅನಸ್ತೈತಿ."

ಗಂಗಾಂಬಿಕಾ ಫೋಟೊವನ್ನು ಮೆಲ್ಲಗೆ ಮಂಚದ ಮೇಲಿಟ್ಟಳು. ಕುಪ್ಪಸದ ಎಡತೋಳನ್ನು ಮೇಲಕ್ಕೆ ಸರಿಸಿದಳು. ಮೊಣಕೈಯ ಮೇಲೆ ರೂಪಾಯಿಯಗಲದ ಎರಡು ಬಿಳಿ ಮಚ್ಚೆ, ಅವುಗಳ ಪಕ್ಕ ಇನ್ನೊಂದು ಸಣ್ಣದು.

"ಯುಗಾದಿ ಮುಂದ ಶುರುವಾತು. ಅವ್ವಗ ಹೇಳಿದ್ದನ್ನ ಡಾಕ್ಟರು ನನಗೂ ಹೇಳಿದ್ರು. ಆವತ್ತು ನಿನಗ ಹೇಳಬೇಕಂತ ಮಾಡಿದ್ದೆ, ನಿನ್ನ ಚಿಂತಿ ನೋಡಿ ಬಾಯಿ ಬರಲಿಲ್ಲ," ಅಂದಳು. "ಏನೋ ಐತಿ ಅಂದ್ಯಲ್ಲ ಅಪ್ಪ, ಅದು ನನ್ನೊಳಗೂ ಐತೇನು? ನಾಳೆ ನಾ ಸತ್ರ ನನ್ನನ್ನ ಏನ್ ಮಾಡಸ್ತಿ?"

ಬಾಗಿಲು ಅಗಲ ತೆರೆದಿತ್ತು. ಹೊರಗೆ ಕಟ್ಟೆಯ ತುಂಬ ಜನ. ಅಂದಾನಪ್ಪನ ಕಣ್ಣು ಮಗಳ ತೋಳಿನ ಮೇಲೆ ನಿಲ್ಲಲಿಲ್ಲ, ಅವಳ ಮುಖದ ಮೇಲೂ ನಿಲ್ಲಲಿಲ್ಲ. ನೇರ ಬಾಗಿಲಿಗೆ ಹೋಯಿತು. ಎರಡು ಹೆಜ್ಜೆಯಲ್ಲಿ ಹೋಗಿ ಕದ ಮುಚ್ಚಿ, ತಿರುಗಿ ನಿಂತು, "ಯಾರಿಗೂ ತೋರಿಸಬ್ಯಾಡ," ಅಂದ.

ಗಂಗಾಂಬಿಕಾ ಅವನನ್ನೇ ನೋಡಿದಳು. ಅವಳಿಗೆ ಉತ್ತರ ಸಿಕ್ಕಿತ್ತು. ತೋಳು ಇಳಿಸಿಕೊಂಡು, ಫೋಟೊವನ್ನು ಸೆರಗಿನಲ್ಲಿ ಸುತ್ತಿ, ಅವನು ಮುಚ್ಚಿದ ಕದವನ್ನು ತಾನೇ ತೆಗೆದು ಹೊರಬಿದ್ದಳು. ಕಟ್ಟೆಯವರು ಜರುಗಿ ದಾರಿ ಬಿಟ್ಟರು. "ಯಾವಾಗ ಬಂದ್ಯವ್ವ ತಂಗಿ? ನಿಮ್ಮಪ್ಪ ಊರು ಉಳಿಸಿಬಿಟ್ಟ ನೋಡು," ಎಂದು ಪಕ್ಕೀರಪ್ಪ ಪ್ರೀತಿಯಿಂದ ಕೂಗಿದ. ಅವಳು ನಿಲ್ಲದೆ ಮಳೆಯಲ್ಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಅಂದಾನಪ್ಪ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ನಿಂತ. ಓಡಿದ್ದರೆ ಸಿಗುತ್ತಿದ್ದಳು, ಬಸ್ಸು ಇನ್ನೂ ಬಂದಿರಲಿಲ್ಲ. ಮಲ್ಲೇಶ್ ಶಾಲು ಬಿಚ್ಚಿ ಕಾಯುತ್ತಿದ್ದ, ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. "ಬಾರಲೇ, ಎರಡು ಮಾತು ಹೇಳು," ಅಂದ ಪಕ್ಕೀರಪ್ಪ. ಅಂದಾನಪ್ಪ ಬಂದ, ಹೊದಿಸಿದ ಶಾಲು ಹೊದ್ದುಕೊಂಡ, ಕೂತ, ಗಂಟಲು ಸರಿಮಾಡಿಕೊಂಡ. "ಹಿರಿಯರು," ಎಂದು ಶುರು ಮಾಡಿದ. ದೂರದಲ್ಲಿ ಬಸ್ಸು ಬಂದು ನಿಂತದ್ದು, ಮತ್ತೆ ಹೊರಟದ್ದು ಎಲ್ಲರಿಗೂ ಕೇಳಿಸಿತು. ಅವನು ಮಾತು ನಿಲ್ಲಿಸಲಿಲ್ಲ.